ಗಾಜು ಒಡೆದದ್ದು ಯಾರು?

ಇಂಗ್ಲಿಷ್ ವ್ಯಾಕರಣವನ್ನು ಮಕ್ಕಳಿಗೆ ಬೇಸರ ಬಾರದಂತೆ ಕಲಿಸುವುದು ಹೇಗೆ ಎಂದು ಕೇಳಿ ನೋಡಿ. ಹಾಡು, ಆಟ, ಕಾರ್ಟೂನ್, ಮೊಬೈಲ್ ಆ್ಯಪ್, ಸರಿಯುತ್ತರಕ್ಕೊಂದು ಸ್ಟಾರ್ ಎಂಬ ಉತ್ತರಗಳು ಸಾಲಾಗಿ ಬರುತ್ತವೆ. ಆರೇಳು ವರ್ಷದ ಮಕ್ಕಳಿಗೆ ಇವೆಲ್ಲ ಸರಿಯೇ. ಆದರೆ ಹನ್ನೆರಡರಿಂದ ಹದಿನಾಲ್ಕರ ನಡುವಿನ ಮಕ್ಕಳ ಮುಂದೆ ಚಪ್ಪಾಳೆ ತಟ್ಟಿ 'ನೌನ್ ಈಸ್ ಎ ನೇಮಿಂಗ್ ವರ್ಡ್' ಎಂದು ಹಾಡಿದರೆ, ಅವರು ನಮ್ಮನ್ನು ಕರುಣೆಯಿಂದ ನೋಡುತ್ತಾರೆ. ಆ ವಯಸ್ಸಿನವರಿಗೆ ತಮ್ಮನ್ನು ಚಿಕ್ಕ ಮಕ್ಕಳಂತೆ ನಡೆಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅವರಿಗೆ ಬೇಕಾದದ್ದು ನಿಜವಾದ ಒಂದು ಒಗಟು, ತಲೆ ಕೆರೆದುಕೊಳ್ಳುವಷ್ಟು ಕಷ್ಟದ್ದು, ಬಿಡಿಸಿದಾಗ ಪಕ್ಕದವನ ಬೆನ್ನಿಗೆ ಗುದ್ದುವಷ್ಟು ಖುಷಿ ಕೊಡುವಂಥದ್ದು. ಇಂಗ್ಲಿಷ್ ವ್ಯಾಕರಣದಲ್ಲಿ ಅಂಥ ಒಗಟುಗಳಿಗೆ ಬರವಿಲ್ಲ. ಅವುಗಳನ್ನು ಬಿಡಿಸುವ ಹತ್ಯಾರವೂ ನಮ್ಮ ಮಕ್ಕಳ ಬಳಿ ಇದೆ. ಅದು ಅವರ ಕನ್ನಡ. ಆದರೆ ನಾವು ಇಂಗ್ಲಿಷ್ ಪೀರಿಯಡ್ಡಿನ ಬಾಗಿಲಲ್ಲೇ ಅದನ್ನು ಕಸಿದುಕೊಂಡು ಒಳಗೆ ಬಿಡುತ್ತೇವೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಜೋಗೇಶ್ವರಿ ಪೂರ್ವದಲ್ಲಿ ನಾನಿರುವ ಕಟ್ಟಡದ ಸೊಸೈಟಿ ಆಫೀಸು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಎರಡು ವರ್ಷದಿಂದ ಅಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಹೆಚ್ಚಿನವರ ಅಪ್ಪ ಅಮ್ಮ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇಬ್ಬರ ಅಪ್ಪಂದಿರು ಹೋಟೆಲ್ ಕೆಲಸಕ್ಕೆ ಬಂದ ಕರಾವಳಿಯವರು, ಅವರ ಮನೆಮಾತು ತುಳು. ಈ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಗಲ್ಲಿಯಲ್ಲಿ ಬಂಬೈಯಾ ಹಿಂದಿ, ಶಾಲೆಯಲ್ಲಿ ಮರಾಠಿ ಮಾತಾಡುತ್ತಾರೆ. ಒಂದೇ ವಾಕ್ಯದಲ್ಲಿ ಮೂರನ್ನೂ ಬೆರೆಸಿ ಎಲ್ಲಿಯೂ ಎಡವದೆ ದಾಟುತ್ತಾರೆ. ಆದರೂ ನಿಮಗೇನು ಬರುತ್ತದೆ ಎಂದು ಕೇಳಿದರೆ ಮೊದಲ ಉತ್ತರ, 'ಇಂಗ್ಲಿಷ್ ಬರಂಗಿಲ್ರಿ ಸರ್.' ನಾಲ್ಕು ಭಾಷೆಗಳ ನಡುವೆ ಬದುಕುವ ಮಗು ತನ್ನನ್ನು ಬಾರದ ಒಂದೇ ಭಾಷೆಯಿಂದ ಅಳೆದುಕೊಳ್ಳುತ್ತದೆ.

ಇದು ಸಣ್ಣ ವಿಷಯವಲ್ಲ. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳೂ ಅವನ್ನೇ ಓದುತ್ತಾರೆ. ಮಹಾರಾಷ್ಟ್ರದಲ್ಲಿ 2000ದಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. ಆದರೆ ಪ್ರಾಥಮಿಕ ಶಾಲೆ ಮುಗಿದ ಮೇಲೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಕನ್ನಡ ಹೈಸ್ಕೂಲು ಸಿಗುವುದು ಅಪರೂಪ. ಹಾಗಾಗಿ ಸರಿಯಾಗಿ ಹದಿಮೂರರ ಆಸುಪಾಸಿನಲ್ಲಿ, ಮೈ ಮನಸ್ಸು ಎರಡೂ ಬದಲಾಗುವ ಹೊತ್ತಿನಲ್ಲಿ, ಮಗು ಬೇರೆ ಮಾಧ್ಯಮಕ್ಕೆ ಜಿಗಿಯಬೇಕು. ಇಂಗ್ಲಿಷ್ ಮಾಧ್ಯಮಕ್ಕೆ ಜಿಗಿದವರಿಗೆ ವಿಜ್ಞಾನವೂ ಇಂಗ್ಲಿಷ್, ಸಮಾಜವೂ ಇಂಗ್ಲಿಷ್. ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂದು ತಿಳಿಯದಿದ್ದರೆ ಎಲ್ಲ ವಿಷಯವೂ ಒಟ್ಟಿಗೆ ಕೈಬಿಡುತ್ತದೆ. ಹುಡುಗರು ಸೈಟಿನ ಕೆಲಸಕ್ಕೆ, ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಗೆ ತಿರುಗುವುದು ಹೆಚ್ಚಾಗಿ ಇದೇ ತಿರುವಿನಲ್ಲಿ.

ಹೀಗಿರುವಾಗ ಅವರ ಕೈಗೆ ನಾವು ಕೊಡುವ ವ್ಯಾಕರಣ ಎಂಥದ್ದು? ನಮ್ಮ ತಲೆಮಾರಿನ ಬಹುತೇಕರು ರೆನ್ ಮತ್ತು ಮಾರ್ಟಿನ್ ಎಂಬ ದಪ್ಪ ಪುಸ್ತಕವನ್ನು ಕಂಡವರೇ. 1930ರ ದಶಕದಲ್ಲಿ ಬಂದ ಆ ಪುಸ್ತಕಕ್ಕೂ ಈ ಊರಿಗೂ ನಂಟಿದೆ. ಅದರ ಮೊದಲ ಪ್ರಕಾಶಕರು ಮುಂಬಯಿಯ ಕೂಪರ್ ಸಂಸ್ಥೆಯವರು. ಪಿ. ಸಿ. ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು, ಮುಂದೆ 'ಬೋ ಜೆಸ್ಟ್' ಕಾದಂಬರಿಯಿಂದ ಹೆಸರಾದವರು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಆ ಪುಸ್ತಕ ಬರೆದರು ಎನ್ನುತ್ತಾರೆ. ಇಂಗ್ಲಿಷನ್ನು ಮನೆಯಲ್ಲೇ ಆಡುವ ಮಗುವಿಗೆ ವ್ಯಾಕರಣವೆಂದರೆ ತನಗೆ ಆಗಲೇ ಗೊತ್ತಿರುವ ಸಂಗತಿಗೆ ಹೆಸರು ಕಲಿಯುವುದು. ಇದು ಅಡ್ವರ್ಬ್, ಇದು ಪ್ರಿಪೊಸಿಷನ್, ಆಯಿತು. ನಮ್ಮ ಮಕ್ಕಳಿಗೆ ಹೆಸರು ಮಾತ್ರ ಸಿಗುತ್ತದೆ, ಅದರ ಹಿಂದಿನ ಭಾಷೆ ಸಿಗುವುದಿಲ್ಲ. ಊಟ ಬಡಿಸದೆ ಮೆನು ಕಾರ್ಡ್ ಬಾಯಿಪಾಠ ಮಾಡಿಸಿದ ಹಾಗೆ.

ಹಾಗಾದರೆ ಅವರಿಗೆ ಆಗಲೇ ಗೊತ್ತಿರುವುದು ಏನು? ಕನ್ನಡದ ವ್ಯಾಕರಣ. ಹೆಸರು ಗೊತ್ತಿಲ್ಲ, ಬಳಕೆ ಪೂರ್ತಿ ಗೊತ್ತು. ಅಲ್ಲಿಂದಲೇ ಶುರು ಮಾಡಬಹುದು.

ಮೂರು ರಟ್ಟಿನ ತುಂಡುಗಳ ಮೇಲೆ 'ನಾಯಿ', 'ಹುಡುಗನನ್ನು', 'ಕಚ್ಚಿತು' ಎಂದು ಬರೆದು ಕೊಡುತ್ತೇನೆ. ಎಷ್ಟು ರೀತಿ ಜೋಡಿಸಬಹುದೋ ಜೋಡಿಸಿ ಎಂದರೆ ಆರು ರೀತಿ ಬರುತ್ತದೆ. ಆರರಲ್ಲೂ ಕಚ್ಚಿದ್ದು ನಾಯಿ, ಕಚ್ಚಿಸಿಕೊಂಡವನು ಹುಡುಗ. 'ಹುಡುಗನನ್ನು ಕಚ್ಚಿತು ನಾಯಿ' ಎಂದರೂ ನಾಯಿಯೇ ಅಪರಾಧಿ. ಆಮೇಲೆ ಇಂಗ್ಲಿಷಿನ ಮೂರು ತುಂಡು: 'ದಿ ಡಾಗ್', 'ಬಿಟ್', 'ದಿ ಬಾಯ್'. ಆರು ಜೋಡಣೆಯಲ್ಲಿ ವಾಕ್ಯ ಅನ್ನಿಸಿಕೊಳ್ಳುವುದು ಎರಡೇ. ಆ ಎರಡರಲ್ಲಿ ಒಂದರಲ್ಲಿ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ! ನಗು ನಿಂತ ಮೇಲೆ ಕೇಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಪದ ಎತ್ತ ಓಡಿದರೂ ಅರ್ಥ ಕೆಡುವುದಿಲ್ಲ, ಇಂಗ್ಲಿಷಿನಲ್ಲಿ ಯಾಕೆ ಕೆಡುತ್ತದೆ?

ಇದಕ್ಕೆ ಉತ್ತರ ನಾನು ಹೇಳುವುದಿಲ್ಲ. ಕೆಲವು ವಾರ ಹತ್ತು ನಿಮಿಷದಲ್ಲಿ ಬರುತ್ತದೆ, ಒಮ್ಮೆ ಮುಂದಿನ ಭಾನುವಾರದವರೆಗೂ ಬರಲಿಲ್ಲ. ಕೊನೆಗೆ ಎಂಟನೆಯ ತರಗತಿಯ ಹುಡುಗನೊಬ್ಬ 'ಅನ್ನು' ಎಂಬುದರ ಮೇಲೆ ಬೆರಳಿಟ್ಟ. 'ಇದು ಅಂಟ್ಕೊಂಡಾದಲ್ರಿ, ಎಲ್ಲಿ ಹೋದ್ರೂ ಗೊತ್ತಾಗ್ತದ.' ಪದಕ್ಕೆ ತನ್ನ ಕೆಲಸದ ಗುರುತು ಅಂಟಿಕೊಂಡಿರುವ ಭಾಷೆಯಲ್ಲಿ ಪದ ಎಲ್ಲಿ ಬೇಕಾದರೂ ಕೂರಬಹುದು. ಗುರುತಿಲ್ಲದ ಭಾಷೆಯಲ್ಲಿ ಕೂತ ಜಾಗವೇ ಗುರುತು. ಇದಕ್ಕೆ ವಿಭಕ್ತಿ, ಪದಕ್ರಮ ಎಂಬ ಹೆಸರುಗಳನ್ನು ಆಮೇಲೆ ಹೇಳಿದರೆ ಸಾಕು. ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಎಂಬ ಸಾಲನ್ನು ಬೋರ್ಡಿನಿಂದ ನೂರು ಸಲ ಬರೆದುಕೊಂಡ ಮಗು, ಆ ಸಾಲು ಯಾಕೆ ಬೇಕು ಎಂದು ಅಂದು ಮೊದಲ ಸಲ ಕಾಣುತ್ತದೆ.

ಕ್ರಿಯಾಪದಕ್ಕೂ ಹೀಗೆಯೇ. ಬರುತ್ತೇನೆ, ಬರುತ್ತೇವೆ, ಬರುತ್ತೀಯೆ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ. ಒಂಬತ್ತು. ಇಂಗ್ಲಿಷಿನಲ್ಲಿ 'ಕಮ್' ಮತ್ತು 'ಕಮ್ಸ್', ಎರಡು. ಮಕ್ಕಳಿಗೆ ಇದನ್ನು ಅವರೇ ಪಟ್ಟಿ ಮಾಡಿ ನೋಡುವಂತೆ ಮಾಡಿದಾಗ ಕೊಠಡಿಯಲ್ಲಿ ಎದೆ ಉಬ್ಬುವುದು ಕಾಣುತ್ತದೆ. ಒಂಬತ್ತನ್ನು ತಪ್ಪಿಲ್ಲದೆ ಆಡುವವರಿಗೆ ಎರಡು ಏನು ಮಹಾ? ಆದರೂ ಅವರು ಬರೆಯುವಾಗ 'ಹಿ ಕಮ್' ಎಂದೇ ಬರೆಯುತ್ತಾರೆ. ಕೆಲವು ಶತಮಾನಗಳ ಹಿಂದೆ ಇಂಗ್ಲಿಷಿನಲ್ಲೂ 'ಕಮೆಸ್ಟ್', 'ಕಮೆತ್' ಎಂಬ ಬಾಲಗಳಿದ್ದವು, ಒಂದೊಂದೇ ಉದುರಿ ಕೊನೆಗೆ ಒಂದು 'ಸ್' ಮಾತ್ರ ಉಳಿಯಿತು ಎಂದು ಹೇಳಿದೆ. ನಿಯಮವಾಗಿ ಹೇಳಿದಾಗ ನಿಲ್ಲದ 'ಸ್', ಒಂಟಿಯಾಗಿ ಉಳಿದುಕೊಂಡ ಪಾಪದ ಅಕ್ಷರವಾಗಿ ಅವರ ನೆನಪಿನಲ್ಲಿ ನಿಂತಿತು.

ಅಲ್ಲಿಂದ ಇನ್ನೊಂದು ಒಗಟು ತಾನಾಗಿ ಹುಟ್ಟಿತು. ಕನ್ನಡದಲ್ಲಿ 'ಬರುತ್ತೇನೆ' ಎಂದಷ್ಟೇ ಹೇಳಿದರೆ ಸಾಕು, 'ನಾನು' ಬೇಕಿಲ್ಲ, ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಬಾಲ ಉದುರಿದ್ದರಿಂದ 'ಐ' ಬಿಡುವ ಹಾಗಿಲ್ಲ. ಮಾಡುವವರು ಯಾರೂ ಇಲ್ಲದಾಗಲೂ ಒಬ್ಬರನ್ನು ತಂದು ಕೂರಿಸಬೇಕು: 'ಇಟ್ ಈಸ್ ರೇನಿಂಗ್.' ಈ 'ಇಟ್' ಯಾರು? ಮೋಡವೇ, ಆಕಾಶವೇ, ದೇವರೇ? ಜುಲೈ ತಿಂಗಳ ಒಂದು ಭಾನುವಾರ ಹೊರಗೆ ಮಳೆ ಸುರಿಯುತ್ತಿದ್ದಾಗ ಇದರ ಮೇಲೆ ನಡೆದ ಜಗಳ ನಾನು ಕಂಡ ಅತ್ಯುತ್ತಮ ವ್ಯಾಕರಣ ಪಾಠ. ಅಂದು ನಾನು ಮಾಡಿದ್ದು ಚಾಕ್‌ಪೀಸ್ ಹಿಡಿದು ನಿಂತದ್ದಷ್ಟೇ.

'ಎ' ಮತ್ತು 'ದಿ' ಕನ್ನಡಿಗರ ಹಳೆಯ ಮುಳ್ಳು. ಆಫೀಸಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಬರೆದವರೂ ಅಲ್ಲಿ ತಡವರಿಸುತ್ತಾರೆ. ಕನ್ನಡದಲ್ಲಿ ಅಂಥದ್ದು ಇಲ್ಲ ಎಂದು ನಾವು ನಂಬಿದ್ದೇವೆ. ಆದರೆ 'ಅಂಗಡಿಯಿಂದ ಪುಸ್ತಕ ತಂದೆ' ಎನ್ನುವುದಕ್ಕೂ 'ಅಂಗಡಿಯಿಂದ ಪುಸ್ತಕವನ್ನು ತಂದೆ' ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲ. ಮೊದಲನೆಯದು ಯಾವುದೋ ಪುಸ್ತಕ. ಎರಡನೆಯದು ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ಎಲ್ಲ ಕಡೆ ಈ ಸೂತ್ರ ಹೊಂದುವುದಿಲ್ಲ, ಆದರೆ 'ಕೇಳುವವನಿಗೆ ಇದು ಮೊದಲೇ ಗೊತ್ತೆ?' ಎಂಬ ಪ್ರಶ್ನೆಯನ್ನು ಮಗು ಕನ್ನಡದಲ್ಲಿ ದಿನವೂ ತನಗೆ ತಾನೇ ಕೇಳಿಕೊಳ್ಳುತ್ತಲೇ ಇದೆ ಎಂದು ತೋರಿಸಲು ಸಾಕು.

ಹೀಗೆ ಒಗಟಿನ ಮೂಲಕ ಇಂಗ್ಲಿಷ್ ಕಲಿಸುವುದು ಹೊಸ ಯೋಚನೆಯಲ್ಲ, ನಮ್ಮ ನೆಲದಲ್ಲೇ ನಡೆದದ್ದು. ಭಾಷಾಬೋಧನೆ ಓದಿದವರಿಗೆ ಪ್ರಪಂಚದಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರು ಗೊತ್ತು, ನಮಗೇ ಗೊತ್ತಿಲ್ಲ. ಎನ್. ಎಸ್. ಪ್ರಭು ಅವರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ನೆರವಿನಿಂದ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವನ್ನೇ ತೆಗೆದುಹಾಕಿ, ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ನಕ್ಷೆ, ಇಂಥವುಗಳನ್ನಿಟ್ಟು, ಯೋಚಿಸಿ ಉತ್ತರ ಹುಡುಕುವ ಕೆಲಸ ಕೊಟ್ಟರು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ದುಬಾರಿ ಸಲಕರಣೆ ಇರಲಿಲ್ಲ, ವಿದೇಶಿ ಶಿಕ್ಷಕರ ಪಡೆ ಇರಲಿಲ್ಲ. ಬೋರ್ಡು, ಚಾಕು, ದೊಡ್ಡ ತರಗತಿ. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಇಂದಿಗೂ ಪಠ್ಯ. ಟಾಸ್ಕ್ ಕೊಟ್ಟು ಭಾಷೆ ಕಲಿಸುವ ಈಗಿನ ಜಾಗತಿಕ ಪದ್ಧತಿಯ ಬೇರುಗಳಲ್ಲಿ ಅದೂ ಒಂದು.

ಆ ಯೋಜನೆಯ ಮೌಲ್ಯಮಾಪನ 1985ರಲ್ಲಿ ಬಂತು. ಅರ್ಥದ ಮೂಲಕ ವ್ಯಾಕರಣ ಒಳಗಿಳಿಯಬಹುದು ಎಂಬ ಮಾತಿಗೆ ಅದು ಎಚ್ಚರಿಕೆಯಿಂದಲೇ ಬೆಂಬಲ ಕೊಟ್ಟಿತು. ನನಗೆ ಪ್ರಭು ಅವರ ಅರ್ಧ ಮಾತು ಪೂರ್ತಿ ಒಪ್ಪಿಗೆ. ಹದಿಹರೆಯದ ಮಗುವನ್ನು ಯೋಚನೆಗೆ ಹಚ್ಚಬೇಕು ಎಂಬುದು ಆ ಅರ್ಧ. ವ್ಯಾಕರಣವನ್ನು ಬಾಯಿಬಿಟ್ಟು ಹೇಳಬೇಕಿಲ್ಲ ಎಂಬ ಇನ್ನರ್ಧದಲ್ಲಿ ನನ್ನದು ಭಿನ್ನಮತ. ವ್ಯಾಕರಣವನ್ನೇ ಯೋಚಿಸುವ ವಸ್ತುವಾಗಿ ಮುಂದಿಟ್ಟರೆ ಆಯಿತಲ್ಲ? ಹಾಗೆ ಮಾಡಲು ಮಗುವಿನ ಬಳಿ ಹೋಲಿಸಿ ನೋಡಲು ಇನ್ನೊಂದು ಭಾಷೆ ಇರಬೇಕು. ನಮ್ಮ ಮಕ್ಕಳ ಬಳಿ ಮೂರಿವೆ.

ರೈಲು ವೇಳಾಪಟ್ಟಿಯನ್ನು ಪ್ರಭು ಅವರಿಂದಲೇ ಎತ್ತಿಕೊಂಡೆ. ಜೋಗೇಶ್ವರಿಗಿಂತ ಅದಕ್ಕೆ ಸರಿಯಾದ ಜಾಗ ಬೇಕೇ? ನಮ್ಮ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ನಿಲ್ಲುತ್ತದೆ, ಫಾಸ್ಟ್ ಕಣ್ಣೆದುರೇ ಧೂಳೆಬ್ಬಿಸಿ ಹೋಗುತ್ತದೆ. ದಾದರಿಗೆ ಹೋಗುವವನು ಇಲ್ಲೇ ಸ್ಲೋ ಹತ್ತಿ ಕೂರಬೇಕೇ, ಇಲ್ಲಾ ಒಂದು ಸ್ಟೇಷನ್ ಆಚೆ ಅಂಧೇರಿಯಲ್ಲಿ ಇಳಿದು ಫಾಸ್ಟ್ ಹಿಡಿಯಬೇಕೇ ಎಂಬುದು ಇಲ್ಲಿನ ಪ್ರತಿ ಮನೆಯ ಬೆಳಗಿನ ಚರ್ಚೆ. ವೇಳಾಪಟ್ಟಿ ಕೊಟ್ಟು ಇಬ್ಬಿಬ್ಬರನ್ನು ವಾದಕ್ಕೆ ಬಿಟ್ಟರೆ ಇಂಗ್ಲಿಷಿನ 'ಇಫ್' ಕರೆಯದೆ ಬರುತ್ತದೆ. 'ಇಫ್ ಯು ಚೇಂಜ್ ಅಟ್ ಅಂಧೇರಿ, ಯು ವಿಲ್ ಸೇವ್ ಟೆನ್ ಮಿನಿಟ್ಸ್.' 'ಇಫ್ ಯು ಗೆಟ್ ಇನ್!' ಎಂದು ಎದುರಾಳಿ. ಅಂಧೇರಿಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಫಾಸ್ಟ್ ಹತ್ತಿದವರಿಗೆ ಆ ಎರಡನೆಯ 'ಇಫ್'ನ ತೂಕ ಗೊತ್ತು.

ಗಾಡಿ ತಪ್ಪಿಸಿಕೊಂಡ ಮೇಲೆ ಬರುವುದು ಬೇರೆ 'ಇಫ್.' ಪಠ್ಯಪುಸ್ತಕದಲ್ಲಿ ಇದಕ್ಕೆ ಥರ್ಡ್ ಕಂಡಿಷನಲ್ ಎಂದು ಹೆಸರು, ಮಕ್ಕಳು ಪೆನ್ನು ಕೆಳಗಿಡುವ ಪಾಠ. ಕನ್ನಡದಲ್ಲಿ ನೋಡಿ: 'ಹತ್ತಿದರೆ ತಲುಪುತ್ತೇನೆ', 'ಹತ್ತಿದ್ದರೆ ತಲುಪುತ್ತಿದ್ದೆ.' ಒಂದು ದ-ಒತ್ತು. ಅಷ್ಟರಲ್ಲಿ ಆಗಬಹುದಾದದ್ದು ಆಗದೆ ಹೋದದ್ದಾಗುತ್ತದೆ. ನಡೆಯದೇ ಹೋದುದನ್ನು ಹೇಳಲು ಕನ್ನಡ 'ತಲುಪುತ್ತಿದ್ದೆ' ಎಂದು ಹಿಂದಿನ ಕಾಲಕ್ಕೆ ಸರಿಯುತ್ತದೆ. ಇಂಗ್ಲಿಷ್ ಕೂಡ 'ಹ್ಯಾಡ್' ಹಿಡಿದು ಹಿಂದಕ್ಕೇ ಸರಿಯುತ್ತದೆ. ಸಾವಿರಾರು ಮೈಲಿ ದೂರದ, ಬೇರೆಯೇ ಕುಲದ ಎರಡು ಭಾಷೆಗಳು ಕೈಗೆ ಸಿಗದೆ ಹೋದುದನ್ನು ಕಳೆದ ಕಾಲದ ರೂಪದಲ್ಲೇ ಹೇಳುತ್ತವೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ಒಂಬತ್ತನೆಯ ತರಗತಿಯ ಹುಡುಗಿ. ನನಗೆ ಆ ಸಾಮ್ಯ ಅದುವರೆಗೆ ಹೊಳೆದೇ ಇರಲಿಲ್ಲ.

ಇನ್ನು ಆ್ಯಕ್ಟಿವ್, ಪ್ಯಾಸಿವ್ ವಾಯ್ಸ್. ನಮ್ಮ ದೇಶದ ಇಂಗ್ಲಿಷ್ ಪೀರಿಯಡ್ಡುಗಳಲ್ಲಿ ರಾಮ ರಾವಣನನ್ನು ಎಷ್ಟು ಸಲ ಕೊಂದಿದ್ದಾನೋ, ರಾವಣ ರಾಮನಿಂದ ಅಷ್ಟೇ ಸಲ ಕೊಲ್ಲಲ್ಪಟ್ಟಿದ್ದಾನೆ. ಹೀಗೆ ತಿರುಗಿಸಿ ಹೇಳುವುದು ಯಾಕೆ ಎಂದು ಮಾತ್ರ ಯಾವ ಪುಸ್ತಕವೂ ಮಗುವಿಗೆ ಹೇಳುವುದಿಲ್ಲ. ಕನ್ನಡ ಪಠ್ಯದ ಕರ್ಮಣಿ ಪ್ರಯೋಗದ ಕಥೆಯೂ ಅದೇ. ಕೊಲ್ಲಲ್ಪಟ್ಟನು, ತಿನ್ನಲ್ಪಟ್ಟಿತು ಎಂದು ಯಾವ ಊರಿನಲ್ಲಿ ಯಾರು ಮಾತಾಡುತ್ತಾರೆ?

ನಾನು ರಾಮನನ್ನು ಬಿಟ್ಟು ಕ್ರಿಕೆಟ್ ಹಿಡಿದೆ. ಕಾಂಪೌಂಡಿನಲ್ಲಿ ಆಡುವಾಗ ಚೆಂಡು ಬಡಿದು ಒಬ್ಬರ ಕಿಟಕಿಯ ಗಾಜು ಒಡೆದಿದೆ. ವಾಚ್‌ಮನ್ ಬಂದು ನಿಂತಿದ್ದಾನೆ. ಏನು ಹೇಳುತ್ತೀರಿ? ಇಡೀ ತರಗತಿ ಒಂದೇ ಸ್ವರದಲ್ಲಿ, 'ಒಡದ್ ಹೋತ್ರಿ!' ಯಾರೂ 'ನಾನು ಒಡೆದೆ' ಎನ್ನಲಿಲ್ಲ, 'ಇವನು ಒಡೆದ' ಎಂದೂ ಅನ್ನಲಿಲ್ಲ, ಸದ್ಯ. ಆ 'ಹೋಯಿತು' ಎಂಥ ಜಾಣ ಪದ ನೋಡಿ. ಮಾಡಿದವನನ್ನು ಸದ್ದಿಲ್ಲದೆ ಹಿಂಬಾಗಿಲಿನಿಂದ ಕಳಿಸಿಬಿಡುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಗೆ ಹೇಳಬಹುದು ಎಂದು ನಾಲ್ಕು ವಾಕ್ಯ ಬರೆದೆವು. 'ಐ ಬ್ರೋಕ್ ದಿ ಗ್ಲಾಸ್' ಎಂದರೆ ಒಪ್ಪಿಕೊಂಡಂತೆ. 'ದಿ ಗ್ಲಾಸ್ ಬ್ರೋಕ್' ಎಂದರೆ ಅದಾಗಿಯೇ ಒಡೆದುಕೊಂಡಂತೆ. 'ದಿ ಗ್ಲಾಸ್ ವಾಸ್ ಬ್ರೋಕನ್' ಎಂದರೆ ಯಾರೋ ಒಡೆದಿದ್ದಾರೆ, ಆದರೆ ಯಾರೆಂದು ನಾನು ಹೇಳುತ್ತಿಲ್ಲ. ನಾಲ್ಕನೆಯದಕ್ಕೆ 'ಬೈ ಮಿ' ಎಂಬ ಬಾಲ, ತಪ್ಪೊಪ್ಪಿಗೆ ಕೊನೆಯಲ್ಲಿ. ನಾಲ್ಕು ವಾಕ್ಯದಲ್ಲಿ ನಾಲ್ಕು ತರದ ಪ್ರಾಮಾಣಿಕತೆ. ವಾಚ್‌ಮನ್‌ಗೆ, ಅಮ್ಮನಿಗೆ, ಗೆಳೆಯನಿಗೆ, ಗಾಜಿನ ಮಾಲೀಕರಿಗೆ ಯಾವುದನ್ನು ಹೇಳುವುದು ಎಂದು ಆಮೇಲೆ ಅರ್ಧ ಗಂಟೆ ನಾಟಕವೇ ನಡೆಯಿತು.

ನಾನು ಕೆಲಸ ಮಾಡುವ ಲೋಕದಲ್ಲಿ ಪ್ಯಾಸಿವ್ ವಾಯ್ಸ್‌ಗೆ ಬಹಳ ಬೇಡಿಕೆ. ಸರ್ವರ್ ಕೈಕೊಟ್ಟ ಮರುದಿನ ಬರುವ ವರದಿ ತೆರೆದರೆ, ತಪ್ಪು ಸೆಟ್ಟಿಂಗ್ 'ಅಳವಡಿಸಲಾಗಿತ್ತು', ಫೈಲನ್ನು 'ಅಳಿಸಲಾಯಿತು', ತಪ್ಪನ್ನು 'ಸರಿಪಡಿಸಲಾಗಿದೆ.' ಸರಿಪಡಿಸಿದವರ ಹೆಸರು ಮಾತ್ರ ಆ್ಯಕ್ಟಿವ್‌ನಲ್ಲಿ ಬರುವುದೂ ಉಂಟು. ಸರ್ಕಾರದ ಕನ್ನಡವೇನೂ ಹಿಂದೆ ಬಿದ್ದಿಲ್ಲ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯವನ್ನು ಓದದೆ ಬೆಳೆದ ಕನ್ನಡಿಗನಿಲ್ಲ. ಯಾರು, ಯಾವಾಗ ಎಂದು ಕೇಳಿದ ಕನ್ನಡಿಗನೂ ಕಡಿಮೆ.

ಆ ಪಾಠವಾಗಿ ಮೂರು ನಾಲ್ಕು ವಾರದ ಮೇಲೆ ಅದೇ ಒಂಬತ್ತನೆಯ ತರಗತಿಯ ಹುಡುಗಿ ಅಪ್ಪನ ಫೋನಿನಲ್ಲಿ ಒಂದು ಫೋಟೊ ತಂದಳು. ಅವರ ಚಾಳಿನ ಗೋಡೆಗೆ ಅಂಟಿಸಿದ್ದ ನೋಟಿಸು, ಕಟ್ಟಡ ಕೆಡವಿ ಹೊಸದು ಕಟ್ಟುವ ವಿಷಯ. ಪೂರ್ತಿ ಇಂಗ್ಲಿಷ್. ನಿವಾಸಿಗಳನ್ನು 'ವಿಲ್ ಬಿ ಶಿಫ್ಟೆಡ್', ಬಾಡಿಗೆಯ ಹಣ 'ವಿಲ್ ಬಿ ಪೇಯ್ಡ್', ಮನೆ 'ವಿಲ್ ಬಿ ಅಲಾಟೆಡ್.' ಮಕ್ಕಳೆಲ್ಲ ಸೇರಿ ಆ ಹಾಳೆಯ ಕ್ರಿಯಾಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಪ್ರತಿಯೊಂದರ ಮುಂದೆ 'ಬೈ ಹೂಮ್?' ಎಂದು ಬರೆದರು. ಏಳರಲ್ಲಿ ಎರಡಕ್ಕೆ ಮಾತ್ರ ಉತ್ತರ ಆ ಹಾಳೆಯಲ್ಲೇ ಇತ್ತು. ಉಳಿದ ಐದನ್ನು ಅವಳು ಪ್ರಶ್ನೆಗಳಾಗಿ ಬರೆದು, ಕೆಳಗೆ ಕನ್ನಡ ಮತ್ತು ಹಿಂದಿಯಲ್ಲೂ ಬರೆದು ಅಪ್ಪನ ಕೈಗೆ ಕೊಟ್ಟಳು. ಅಕ್ಷರ ಬಾರದ ಆ ಮನುಷ್ಯ ಚಾಳಿನ ಸಭೆಯಲ್ಲಿ ಎದ್ದು ನಿಂತು ಐದೂ ಪ್ರಶ್ನೆಗಳನ್ನು ಕೇಳಿದರಂತೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಎರಡನೆಯ ಸಭೆಗೆ ಅವರನ್ನು ಮನೆಗೇ ಬಂದು ಕರೆದರು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಪರೀಕ್ಷೆಯಲ್ಲಿ 'ಚೇಂಜ್ ದಿ ವಾಯ್ಸ್' ಎಂದೇ ಕೇಳುತ್ತಾರೆ, ಗಾಜಿನ ಕಥೆ ಕೇಳುವುದಿಲ್ಲ ಎಂಬುದು ಒಂದು. ನಿಜ. ಆದರೆ ಯಾಕೆ ಎಂದು ಗೊತ್ತಾದ ಮಗುವಿಗೆ ಹೇಗೆ ಎಂದು ಕಲಿಸಲು ಒಂದು ವಾರ ಸಾಕು. ಶಾಲೆಯ ಶಿಕ್ಷಕರಿಗೆ ಇಷ್ಟು ಪುರುಸೊತ್ತಿಲ್ಲ ಎಂಬುದು ಇನ್ನೊಂದು. ಅದೂ ನಿಜ. ಐವತ್ತು ಮಕ್ಕಳು, ಮುಗಿಸಬೇಕಾದ ಸಿಲಬಸ್ಸು, ಮೇಲೆ ಚುನಾವಣೆ, ಜನಗಣತಿ ಎಂಬ ಹೊರಗಿನ ಕೆಲಸ. ಅವರನ್ನು ದೂರಿ ನನಗೆ ಆಗಬೇಕಾದದ್ದೇನೂ ಇಲ್ಲ. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷನ್ನೇ ಆಡಬೇಕು, ಕನ್ನಡ ನುಸುಳಿದರೆ ಕೆಡುತ್ತದೆ ಎಂಬ ಮೂರನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಇಂಗ್ಲಿಷನ್ನು ಹೆಚ್ಚು ಹೆಚ್ಚು ಕೇಳಬೇಕು, ಆಡಬೇಕು, ಅದು ಸರಿ. ಯೋಚಿಸುವ ಹೊತ್ತಿನಲ್ಲಿ ಮಗುವಿನ ಬಾಯಿಗೆ ಬೀಗ ಹಾಕುವುದು ಸರಿಯಲ್ಲ. ಫೋನಿನಲ್ಲೇ ಈಗ ತಪ್ಪಿಲ್ಲದ ಇಂಗ್ಲಿಷ್ ಬರೆಸಬಹುದಲ್ಲ, ವ್ಯಾಕರಣ ಯಾಕೆ ಎಂದು ಕೇಳುವ ಸಹೋದ್ಯೋಗಿಗಳೂ ಇದ್ದಾರೆ. ಯಂತ್ರ ವಾಕ್ಯ ಬರೆದುಕೊಡುತ್ತದೆ. ಆದರೆ ತನ್ನ ಮನೆ ಕೆಡವುವ ನೋಟಿಸು ಯಾರ ಹೆಸರು ನುಂಗಿದೆ ಎಂಬ ಅನುಮಾನ ಮಗುವಿಗೇ ಮೂಡಬೇಕು. ಅನುಮಾನ ಬಂದಮೇಲೆ ಬೇಕಾದರೆ ಫೋನನ್ನು ಕೇಳಲಿ.

ಮುಂಬಯಿ ಕನ್ನಡಿಗರಿಗೆ ಇಂಥ ಕೆಲಸ ಹೊಸದೂ ಅಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ ಊರು ಇದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರು, ಬ್ಯಾಂಕಿನವರು, ಪ್ರಾಧ್ಯಾಪಕರು ಆದವರ ಕಥೆ ಇಲ್ಲಿನ ಹಳಬರ ಬಾಯಲ್ಲಿ ಇನ್ನೂ ಇದೆ. ಹಗಲಿನ ದುಡಿಮೆಯ ಮೇಲೆ ರಾತ್ರಿ ಹತ್ತು ಗಂಟೆಗೆ ಇಂಗ್ಲಿಷ್ ಕಲಿತವರು ಅವರು. ಈಗ ಕೆಲಸಕ್ಕೆ ಬರುವ ಕನ್ನಡಿಗರ ಊರು ಬದಲಾಗಿದೆ, ಕರಾವಳಿಗಿಂತ ಕಲ್ಯಾಣ ಕರ್ನಾಟಕದವರು ಹೆಚ್ಚು ಕಣ್ಣಿಗ ಬೀಳುತ್ತಾರೆ. ಅವರ ಬೆನ್ನಿಗೆ ಅಂಥ ಸಂಘಗಳ ಬಲ ಇನ್ನೂ ಬಂದಿಲ್ಲ. ನಾವು, ಲ್ಯಾಪ್‌ಟಾಪ್ ಹಿಡಿದು ಬಂದವರು, ಅದೇ ಲಿಂಕ್ ರೋಡಿನಲ್ಲಿ ಅವರು ಕಟ್ಟಿದ ಕಟ್ಟಡಗಳಿಗೆ ಕೆಲಸಕ್ಕೆ ಹೋಗುತ್ತೇವೆ. ರಾಜ್ಯೋತ್ಸವಕ್ಕೆ ಒಂದು ದಿನ ಶಾಲು ಹೊದ್ದು ಬರುತ್ತೇವೆ.

ನಮ್ಮ ಮನೆಯ ಮಕ್ಕಳ ಸಮಸ್ಯೆ ಇದರ ತಿರುವುಮುರುವು. ಅವರಿಗೆ ಇಂಗ್ಲಿಷ್ ಬರುತ್ತದೆ, 'ಹತ್ತಿದರೆ', 'ಹತ್ತಿದ್ದರೆ' ಎರಡರ ನಡುವಿನ ಒತ್ತು ಕಿವಿಗೆ ಬೀಳುವುದಿಲ್ಲ. ಹೋದ ವರ್ಷದಿಂದ ಕಟ್ಟಡದ ಇಬ್ಬರು ಕನ್ನಡದ ಮಕ್ಕಳು, ಇಂಗ್ಲಿಷ್ ಮಾಧ್ಯಮದವರು, ಭಾನುವಾರದ ತರಗತಿಗೆ ಬಂದು ಕೂರುತ್ತಿದ್ದಾರೆ. ಅವರು ಇಂಗ್ಲಿಷ್ ಉಚ್ಚಾರ ಹೇಳಿಕೊಡುತ್ತಾರೆ. ಯಾದಗಿರಿಯ ಹುಡುಗರು ಅವರಿಗೆ ಕನ್ನಡದ ಒಂಬತ್ತು ಬಾಲಗಳನ್ನು ಹೇಳಿಕೊಟ್ಟು, ತಪ್ಪಿದಾಗ ಗಟ್ಟಿಯಾಗಿ ನಗುತ್ತಾರೆ. ಯಾರು ಯಾರಿಗೆ ಮೇಷ್ಟ್ರು ಎಂದು ಹೊರಗಿನವರಿಗೆ ಹೇಳುವುದು ಕಷ್ಟ.

ಹೈದರಾಬಾದ್, ಪುಣೆ, ಚೆನ್ನೈ, ಗೋವಾದಲ್ಲಿರುವ ಓದುಗರು ಯಾರಾದರೂ ಇದನ್ನು ಮಾಡಿ ನೋಡುವುದಾದರೆ, ಬೇಕಾದದ್ದು ಬಹಳ ಇಲ್ಲ. ವಾರಕ್ಕೆ ಎರಡು ಗಂಟೆ, ಒಂದು ಕೊಠಡಿ, ಕಪ್ಪು ಹಲಗೆ, ಕತ್ತರಿಸಿದ ರಟ್ಟು. ಸ್ಪೋಕನ್ ಇಂಗ್ಲಿಷ್ ಕ್ಲಾಸು ಎಂದು ಬೋರ್ಡು ಹಾಕಬೇಡಿ, ಮಕ್ಕಳು ಹೆದರುತ್ತಾರೆ, ಅಪ್ಪಂದಿರು ಫೀಸು ಎಷ್ಟು ಎಂದು ಹಿಂಜರಿಯುತ್ತಾರೆ. ವ್ಯಾಕರಣ ಪಂಡಿತರಾಗಿರಬೇಕೆಂದೂ ಇಲ್ಲ. ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಸೂತ್ರಗಳನ್ನು ಕಂದಪದ್ಯದಲ್ಲಿ ಕಟ್ಟಿ, ಉದಾಹರಣೆಗಳನ್ನು ಕವಿಗಳ ಕಾವ್ಯದಿಂದ ಆಯ್ದುಕೊಂಡ. ನಿಮ್ಮ ಉದಾಹರಣೆಗಳನ್ನು ನೀವು ಆ ಗಲ್ಲಿಯ ಬಾಯಿಂದ ಆಯ್ದುಕೊಳ್ಳಿ. ಒಂದೇ ಎಚ್ಚರ: ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ತಕ್ಷಣ ಹೇಳಿಬಿಡಬೇಡಿ.

ನಮ್ಮಲ್ಲಿ ಈ ವಾರ ಉಳಿದಿರುವ ಪ್ರಶ್ನೆ ತುಳು ಹುಡುಗನದು. ಕನ್ನಡದಲ್ಲಿ 'ನನಗೆ ಜ್ವರ ಬಂದಿದೆ', 'ನನಗೆ ಹಸಿವಾಗಿದೆ', 'ನನಗೆ ಇಬ್ಬರು ತಮ್ಮಂದಿರು', ಎಲ್ಲವೂ ತಾವಾಗಿ ನನ್ನ ಬಳಿ ಬರುತ್ತವೆ, ತುಳುವಿನಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಮಾತ್ರ 'ಐ ಹ್ಯಾವ್ ಫೀವರ್' ಎಂದು ಜ್ವರಕ್ಕೂ ತಾನೇ ಮಾಲೀಕ. 'ಅವರಿಗೆ ಜ್ವರ ಯಾಕೆ ಬೇಕು ಸರ್?' ಎಂದು ಕೇಳಿದ್ದಾನೆ. ಹಿಂದಿ, ಮರಾಠಿಯಲ್ಲಿ ಹೇಗೆ ಎಂದು ಪಟ್ಟಿ ಮಾಡಿಕೊಂಡು ಬರಲು ಹೇಳಿ ಕಳಿಸಿದ್ದೇನೆ.